ಮೂಗಿಲ್ಲದ ಇ. ಕೋಲಿ ವಾಸನೆ ಹಿಡಿಯುವುದು ಹೇಗೆ?

ಮಳೆಗಾಲ ಶುರುವಾಯಿತೆಂದರೆ ಪತ್ರಿಕೆಗಳಲ್ಲಿ ಒಂದು ಸುದ್ದಿ ತಪ್ಪುವುದಿಲ್ಲ: ಯಾವುದಾದರೊಂದು ಊರಿನ ಕುಡಿಯುವ ನೀರಿನಲ್ಲಿ ಇ. ಕೋಲಿ ಪತ್ತೆ. ಮನುಷ್ಯರ, ದನಕರುಗಳ ಕರುಳಿನಲ್ಲಿ ವಾಸಿಸುವ ಈ ಬ್ಯಾಕ್ಟೀರಿಯಾ ನೀರಿನಲ್ಲಿ ಸಿಕ್ಕಿತೆಂದರೆ ಆ ನೀರಿಗೆ ಎಲ್ಲೋ ಮಲ ಸೇರಿದೆ ಎಂದರ್ಥ. ಹಾಗಾಗಿ ನಮಗೆಲ್ಲ ಇದು ಕೊಳಕಿನ ಗುರುತಾಗಿಯೇ ಪರಿಚಯ. ಇದರ ಕೆಲವು ತಳಿಗಳು ರೋಗ ತರುತ್ತವೆ, ಹೆಚ್ಚಿನವು ತರುವುದಿಲ್ಲ. ಜೀವವಿಜ್ಞಾನಿಗಳಂತೂ ಇದರ ಬೆನ್ನು ಬಿದ್ದು ಎಷ್ಟೋ ದಶಕಗಳಾದವು. ಅವರು ಕಂಡುಕೊಂಡದ್ದರಲ್ಲಿ ಒಂದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ: ಕಣ್ಣು, ಮೂಗು, ನರ, ಮಿದುಳು ಯಾವುದೂ ಇಲ್ಲದ ಈ ಜೀವ ನೀರಿನಲ್ಲಿ ಕರಗಿದ ಆಹಾರವನ್ನು ಗುರುತಿಸಿ ಅದರತ್ತ ಸಾಗುವ ಬಗೆ.

ಅದರ ಸೂಕ್ಷ್ಮತೆ ಎಷ್ಟೆಂದು ಮೊದಲು ಒಂದು ಲೆಕ್ಕ ನೋಡಿ. ಆಸ್ಪಾರ್ಟೇಟ್ ಎಂಬುದು ಒಂದು ಅಮೈನೋ ಆಮ್ಲ, ಪ್ರೋಟೀನಿನ ಇಟ್ಟಿಗೆಗಳಲ್ಲಿ ಒಂದು, ಇ. ಕೋಲಿಗೆ ಅದೆಂದರೆ ಬಲು ಇಷ್ಟ. ಸಾವಿರ ಲೀಟರಿನ ತುಂಬಿದ ಟ್ಯಾಂಕಿಗೆ ಒಂದೇ ಒಂದು ಮಿಲಿಗ್ರಾಂ ಆಸ್ಪಾರ್ಟೇಟ್ ಹಾಕಿ ಚೆನ್ನಾಗಿ ಕಲಕಿದಿರಿ ಅನ್ನಿ. ಈಗ ಆ ನೀರಿನಲ್ಲಿ ಒಂದು ಬ್ಯಾಕ್ಟೀರಿಯಾದ ಗಾತ್ರದಷ್ಟು ಜಾಗವನ್ನು ಲೆಕ್ಕ ಹಾಕಿದರೆ ಅದರೊಳಗೆ ಸಿಗುವುದು ಸರಾಸರಿ ನಾಲ್ಕೈದು ಆಸ್ಪಾರ್ಟೇಟ್ ಅಣುಗಳು ಮಾತ್ರ. ಇಷ್ಟು ತೆಳುವಾದ ದ್ರಾವಣದಲ್ಲೂ ಎತ್ತ ಹೆಚ್ಚು, ಎತ್ತ ಕಡಿಮೆ ಎಂಬುದನ್ನು ಇ. ಕೋಲಿ ಪತ್ತೆಹಚ್ಚುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ರಾಸಾಯನಿಕವನ್ನು ಅನುಸರಿಸಿ ಹೀಗೆ ಚಲಿಸುವುದಕ್ಕೆ ವಿಜ್ಞಾನದಲ್ಲಿ ಕೀಮೋಟ್ಯಾಕ್ಸಿಸ್ ಎನ್ನುತ್ತಾರೆ.

ಓಟ ಮತ್ತು ಪಲ್ಟಿ

ಇ. ಕೋಲಿ ಕಡ್ಡಿಯಾಕಾರದ ಒಂಟಿ ಕೋಶ. ಉದ್ದ ಸುಮಾರು 2 ಮೈಕ್ರಾನ್. ಐನೂರನ್ನು ತುದಿಗೆ ತುದಿ ತಾಗಿಸಿ ಸಾಲಾಗಿ ಮಲಗಿಸಿದರೆ ಒಂದು ಮಿಲಿಮೀಟರ್ ಆದೀತು. ಅದರ ಮೈಯ ಬೇರೆ ಬೇರೆ ಕಡೆಯಿಂದ ಕೂದಲಿನಂಥ ಕೆಲವು ಎಳೆಗಳು ಹೊರಟಿರುತ್ತವೆ. ಇವೇ ಕಶಾಂಗಗಳು, ಒಂದೊಂದೂ ಬ್ಯಾಕ್ಟೀರಿಯಾಗಿಂತ ಹಲವು ಪಟ್ಟು ಉದ್ದ. ಪ್ರತಿ ಕಶಾಂಗದ ಬುಡದಲ್ಲಿ ಕೋಶದ ಪೊರೆಗೆ ಹುದುಗಿಕೊಂಡು ಒಂದು ಮೋಟಾರು ಇದೆ. ಹೇಳಿಕೆಗೆ ಮೋಟಾರು ಎನ್ನುತ್ತಿಲ್ಲ, ಅದು ನಿಜಕ್ಕೂ ಸುತ್ತುತ್ತದೆ. 1974ರಲ್ಲಿ ಮೈಕೆಲ್ ಸಿಲ್ವರ್‌ಮನ್ ಮತ್ತು ಮೆಲ್ವಿನ್ ಸೈಮನ್ ಎಂಬ ವಿಜ್ಞಾನಿಗಳು ಕಶಾಂಗವನ್ನು ಗಾಜಿನ ಪಟ್ಟಿಗೆ ಅಂಟಿಸಿಬಿಟ್ಟರು. ಕಶಾಂಗ ತಿರುಗಲಾರದೆ ಹೋದಾಗ ಇಡೀ ಬ್ಯಾಕ್ಟೀರಿಯಾವೇ ಸೂಕ್ಷ್ಮದರ್ಶಕದ ಕೆಳಗೆ ಗಿರಗಿರನೆ ಸುತ್ತತೊಡಗಿತು.

ಮೋಟಾರುಗಳೆಲ್ಲ ಎಡಸುತ್ತು ತಿರುಗಿದರೆ ಕಶಾಂಗಗಳು ಒಂದೇ ಜಡೆಯಾಗಿ ಹೆಣೆದುಕೊಂಡು ಬ್ಯಾಕ್ಟೀರಿಯಾವನ್ನು ಮುಂದಕ್ಕೆ ತಳ್ಳುತ್ತವೆ. ಇದು ಓಟ. ಸೆಕೆಂಡಿಗೆ 20ರಿಂದ 30 ಮೈಕ್ರಾನ್ ವೇಗ, ಅಂದರೆ ತನ್ನ ಉದ್ದದ ಹತ್ತು ಪಟ್ಟಿಗೂ ಹೆಚ್ಚು ದೂರವನ್ನು ಒಂದೇ ಸೆಕೆಂಡಿನಲ್ಲಿ ಕ್ರಮಿಸುತ್ತದೆ. ಒಂದೋ ಎರಡೋ ಮೋಟಾರು ಬಲಸುತ್ತಿಗೆ ಬದಲಾದರೂ ಸಾಕು, ಜಡೆ ಬಿಚ್ಚಿಕೊಳ್ಳುತ್ತದೆ, ಬ್ಯಾಕ್ಟೀರಿಯಾ ನಿಂತಲ್ಲೇ ಪಲ್ಟಿ ಹೊಡೆಯುತ್ತದೆ. ಮತ್ತೆ ಎಡಸುತ್ತು ಶುರುವಾದಾಗ ಅದು ಯಾವ ದಿಕ್ಕಿಗೆ ಮುಖ ಮಾಡಿರುತ್ತದೋ ಅತ್ತ ಹೊಸ ಓಟ. ಸಾಮಾನ್ಯವಾಗಿ ಓಟ ಒಂದು ಸೆಕೆಂಡ್, ಪಲ್ಟಿ ಸೆಕೆಂಡಿನ ಹತ್ತನೇ ಒಂದು ಭಾಗ.

ಸ್ಟಿಯರಿಂಗ್ ಎಂಬುದು ಇದಕ್ಕೆ ಇಲ್ಲ. ಬೇಕಾದ ಕಡೆ ತಿರುಗಲು ಬಾರದು. ಓಡಬಹುದು, ಇಲ್ಲವೇ ಪಲ್ಟಿ ಹೊಡೆಯಬಹುದು, ಅಷ್ಟೆ. ಹಾಗಾದರೆ ಆಹಾರದ ಕಡೆ ಹೋಗುವುದು ಹೇಗೆ? ಹೋವರ್ಡ್ ಬರ್ಗ್ ಎಂಬ ಭೌತವಿಜ್ಞಾನಿ ಈಜುವ ಒಂದೇ ಬ್ಯಾಕ್ಟೀರಿಯಾವನ್ನು ಬಿಡದೆ ಹಿಂಬಾಲಿಸುವ ಸೂಕ್ಷ್ಮದರ್ಶಕವನ್ನು ಕಟ್ಟಿ, ಡಗ್ಲಸ್ ಬ್ರೌನ್ ಜೊತೆಗೂಡಿ 1972ರಲ್ಲಿ ಉತ್ತರ ಕೊಟ್ಟರು. ಆಹಾರ ಹೆಚ್ಚುತ್ತಿರುವ ದಿಕ್ಕಿಗೆ ಹೊರಟ ಓಟಗಳು ಉದ್ದವಾಗುತ್ತವೆ. ಕಡಿಮೆಯಾಗುವ ದಿಕ್ಕಿಗೆ ಹೊರಟವು ಎಂದಿನಷ್ಟೇ ಉದ್ದ ಇರುತ್ತವೆ. ಪ್ರತಿ ಬಾರಿಯೂ ದಿಕ್ಕು ಕುರುಡು ಆಯ್ಕೆಯೇ. ಆದರೆ ಒಳ್ಳೆಯ ದಿಕ್ಕು ಸಿಕ್ಕಾಗ ಪಲ್ಟಿಯನ್ನು ಸ್ವಲ್ಪ ಮುಂದೂಡುತ್ತದೆ. ಇದೊಂದೇ ಸೂತ್ರದಿಂದ ಅಂಕುಡೊಂಕಾಗಿಯಾದರೂ ಅದು ಆಹಾರದ ಬಳಿ ಸೇರುತ್ತದೆ.

ಹೊಟ್ಟೆಗೂ ನಾಲಿಗೆಗೂ ನಂಟಿಲ್ಲ

ಬ್ಯಾಕ್ಟೀರಿಯಾಗಳು ಆಹಾರದತ್ತ ಈಜುವುದನ್ನು ಜರ್ಮನಿಯ ವಿಲ್ಹೆಲ್ಮ್ ಫೆಫರ್ 1880ರ ದಶಕದಲ್ಲೇ ಕಂಡಿದ್ದರು. ಕೂದಲೆಳೆಯಷ್ಟು ಸಣ್ಣ ಗಾಜಿನ ಕೊಳವೆಯಲ್ಲಿ ಆಹಾರದ ದ್ರಾವಣ ತುಂಬಿ ಬ್ಯಾಕ್ಟೀರಿಯಾ ಇರುವ ನೀರಿನಲ್ಲಿ ಅದ್ದಿದರೆ ಅವು ಕೊಳವೆಯೊಳಕ್ಕೆ ಮುತ್ತುತ್ತಿದ್ದವು. ಆದರೆ ಒಂದು ಗೊಂದಲ ಬಹುಕಾಲ ಉಳಿಯಿತು. ಬ್ಯಾಕ್ಟೀರಿಯಾ ಆ ವಸ್ತುವನ್ನು ನಿಜಕ್ಕೂ 'ಮೂಸಿ' ನೋಡುತ್ತದೆಯೋ, ಅಥವಾ ತಿಂದು ಹೊಟ್ಟೆಗೆ ಶಕ್ತಿ ಬಂದದ್ದರಿಂದ ಅತ್ತ ಓಡುತ್ತದೆಯೋ?

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜೂಲಿಯಸ್ ಆಡ್ಲರ್ 1960ರ ದಶಕದಲ್ಲಿ ಅದೇ ಹಳೆಯ ಕೊಳವೆ ಪ್ರಯೋಗವನ್ನು ಎಣಿಕೆಗೆ ಸಿಗುವಂತೆ ತಿದ್ದಿಕೊಂಡು ಈ ಗೊಂದಲ ಬಗೆಹರಿಸಿದರು. ಗ್ಯಾಲಕ್ಟೋಸ್ ಎಂಬ ಸಕ್ಕರೆಯನ್ನು ಜೀರ್ಣಿಸಿಕೊಳ್ಳಲಾಗದ ಇ. ಕೋಲಿ ತಳಿಗಳೂ ಗ್ಯಾಲಕ್ಟೋಸಿನತ್ತ ಓಡಿಬಂದವು. ಬ್ಯಾಕ್ಟೀರಿಯಾ ಬಳಸಿಕೊಳ್ಳಲಾಗದ, ಆದರೆ ಆಹಾರದ ಅಣುವನ್ನು ಹೋಲುವ ವಸ್ತುಗಳೂ ಅವನ್ನು ಸೆಳೆದವು. ಮತ್ತೊಂದು ಕಡೆ, ಸಕ್ಕರೆಯನ್ನು ಸಲೀಸಾಗಿ ತಿನ್ನಬಲ್ಲ ಕೆಲವು ತಳಿಗಳಿಗೆ ಅದರತ್ತ ಹೋಗಲು ಬಾರದು. ತಿನ್ನುವ ವ್ಯವಸ್ಥೆ ಬೇರೆ, ಗುರುತಿಸುವ ವ್ಯವಸ್ಥೆ ಬೇರೆ ಎಂಬುದು ಖಚಿತವಾಯಿತು. ಗುರುತಿಸುವ ಕೆಲಸಕ್ಕೇ ಮೀಸಲಾದ ಪ್ರೋಟೀನುಗಳಿವೆ ಎಂದು ಆಡ್ಲರ್ 1969ರಲ್ಲಿ ಪ್ರಕಟಿಸಿದರು. ಇವೇ ರಿಸೆಪ್ಟರ್‌ಗಳು.

ಇ. ಕೋಲಿಯಲ್ಲಿ ಐದು ಬಗೆಯ ರಿಸೆಪ್ಟರ್‌ಗಳಿವೆ. ಟಾರ್ ಎಂಬುದು ಆಸ್ಪಾರ್ಟೇಟಿಗೆ, ಟಿಎಸ್‌ಆರ್ ಎಂಬುದು ಸೆರೀನ್ ಎಂಬ ಇನ್ನೊಂದು ಅಮೈನೋ ಆಮ್ಲಕ್ಕೆ. ಈ ಎರಡರ ಸಂಖ್ಯೆಯೇ ಹೆಚ್ಚು. ಉಳಿದ ಮೂರರಲ್ಲಿ ಒಂದು ಕೆಲವು ಸಕ್ಕರೆಗಳನ್ನು, ಒಂದು ಪ್ರೋಟೀನಿನ ಚೂರುಗಳನ್ನು, ಒಂದು ಆಮ್ಲಜನಕದ ಏರಿಳಿತವನ್ನು ಗಮನಿಸುತ್ತದೆ. ಎಲ್ಲ ಸೇರಿ ಒಂದು ಕೋಶದಲ್ಲಿ ಸಾವಿರಾರು ರಿಸೆಪ್ಟರ್‌ಗಳು.

'ಇಲ್ಲಿ-ಅಲ್ಲಿ' ಬದಲು 'ಈಗ-ಆಗ'

ಎತ್ತ ಆಹಾರ ಹೆಚ್ಚು ಎಂದು ತಿಳಿಯಲು ಎರಡು ದಾರಿ. ಮೈಯ ಮುಂದಿನ ತುದಿಯಲ್ಲಿ ಎಷ್ಟು, ಹಿಂದಿನ ತುದಿಯಲ್ಲಿ ಎಷ್ಟು ಎಂದು ಹೋಲಿಸಬಹುದು. ಆದರೆ ಎರಡು ಮೈಕ್ರಾನಿನ ಅಂತರದಲ್ಲಿ ವ್ಯತ್ಯಾಸ ಇದ್ದರೂ ಎಷ್ಟಿದ್ದೀತು? ಇನ್ನೊಂದು ದಾರಿ, ಈಗ ಎಷ್ಟಿದೆ, ಸ್ವಲ್ಪ ಹೊತ್ತಿನ ಹಿಂದೆ ಎಷ್ಟಿತ್ತು ಎಂದು ಹೋಲಿಸುವುದು.

1972ರಲ್ಲೇ ರಾಬರ್ಟ್ ಮ್ಯಾಕ್ನಾಬ್ ಮತ್ತು ಡೇನಿಯಲ್ ಕಾಶ್‌ಲ್ಯಾಂಡ್ ಇದನ್ನು ಇ. ಕೋಲಿಯ ಹತ್ತಿರದ ನಂಟ ಸಾಲ್ಮೊನೆಲ್ಲಾದ ಮೇಲೆ ಪರೀಕ್ಷಿಸಿದರು. ಬ್ಯಾಕ್ಟೀರಿಯಾ ಇದ್ದ ದ್ರವಕ್ಕೆ ಸೆರೀನ್ ಸೇರಿಸಿ ಕ್ಷಣಮಾತ್ರದಲ್ಲಿ ಕಲಸಿಬಿಟ್ಟರು. ಈಗ ಎಲ್ಲ ಕಡೆ ಸೆರೀನ್ ಒಂದೇ ಸಮ, ಮುಂದೆ ಹಿಂದೆ ಎಂಬ ವ್ಯತ್ಯಾಸವೇ ಇಲ್ಲ. ಆದರೂ ಬ್ಯಾಕ್ಟೀರಿಯಾಗಳು ಪಲ್ಟಿ ಬಿಟ್ಟು ಸ್ವಲ್ಪ ಹೊತ್ತು ನೇರವಾಗಿ ಓಡಿದವು, ಆಮೇಲೆ ಎಂದಿನ ನಡೆಗೆ ಮರಳಿದವು. ಅವು ಹೋಲಿಸುತ್ತಿದ್ದದ್ದು ಕಾಲವನ್ನು. ಕಳೆದ ಒಂದು ಸೆಕೆಂಡಿನ ಅನುಭವವನ್ನು ಅದಕ್ಕೂ ಹಿಂದಿನ ಮೂರು ಸೆಕೆಂಡಿನ ಅನುಭವದೊಂದಿಗೆ ತಾಳೆ ನೋಡುತ್ತವೆ ಎಂದು 1986ರಲ್ಲಿ ಬರ್ಗ್ ಅವರ ತಂಡ ಅಳೆದು ತೋರಿಸಿತು.

ನೆನಪು ಇಷ್ಟು ಗಿಡ್ಡ ಏಕೆ ಎಂಬುದಕ್ಕೆ ಕಾರಣವಿದೆ. ಸುತ್ತಲಿನ ನೀರಿನ ಅಣುಗಳು ಎಡೆಬಿಡದೆ ಬಡಿಯುತ್ತಿರುವುದರಿಂದ ಬ್ಯಾಕ್ಟೀರಿಯಾ ನೆಟ್ಟಗೆ ಓಡಲು ಯತ್ನಿಸಿದರೂ ಹತ್ತು ಸೆಕೆಂಡಿನ ಹೊತ್ತಿಗೆ ದಿಕ್ಕು ಬಹಳಷ್ಟು ತಪ್ಪಿರುತ್ತದೆ. ಅದಕ್ಕಿಂತ ಹಿಂದಿನದನ್ನು ನೆನಪಿಟ್ಟುಕೊಂಡರೆ ಅದು ಬೇರೆ ಯಾವುದೋ ದಿಕ್ಕಿನ ಸುದ್ದಿ, ಈಗಿನ ಓಟಕ್ಕೆ ಉಪಯೋಗವಿಲ್ಲ.

ಸುದ್ದಿ ಮೋಟಾರಿಗೆ ಮುಟ್ಟುವ ದಾರಿ

ರಿಸೆಪ್ಟರ್ ಒಂದು ಉದ್ದನೆಯ, ತೆಳ್ಳನೆಯ ಪ್ರೋಟೀನು. ಒಂದು ತುದಿ ಕೋಶಪೊರೆಯ ಹೊರಗೆ ಚಾಚಿದ್ದು ಅಲ್ಲಿ ಅಣು ಬಂದು ಕೂರುತ್ತದೆ. ಇನ್ನೊಂದು ತುದಿ ಕೋಶದೊಳಗೆ ಆಳಕ್ಕೆ ಇಳಿದಿದೆ. ಆಸ್ಪಾರ್ಟೇಟ್ ಅಣು ಕೂತಾಗ ರಿಸೆಪ್ಟರಿನ ಒಂದು ಎಳೆ ಒಳಕ್ಕೆ ಜರುಗುತ್ತದೆ. ಎಷ್ಟು? ಹೆಚ್ಚುಕಡಿಮೆ ಒಂದು ಪರಮಾಣುವಿನ ಅಗಲದಷ್ಟು.

ಒಳತುದಿಯಲ್ಲಿ ಕೀ-ಎ ಎಂಬ ಕಿಣ್ವ ಅಂಟಿಕೊಂಡಿರುತ್ತದೆ. ರಿಸೆಪ್ಟರ್ ಖಾಲಿ ಇದ್ದಾಗ ಕೀ-ಎ ಚುರುಕಾಗಿದ್ದು, ಕೀ-ವೈ ಎಂಬ ಪುಟ್ಟ ಪ್ರೋಟೀನಿಗೆ ಫಾಸ್ಫೇಟ್ ಎಂಬ ಗುರುತನ್ನು ಅಂಟಿಸಿ ಕಳಿಸುತ್ತಲೇ ಇರುತ್ತದೆ. ಗುರುತು ಹೊತ್ತ ಕೀ-ವೈ ಕೋಶದೊಳಗೆ ಅಲೆಯುತ್ತ ಮೋಟಾರಿಗೆ ತಗುಲಿದರೆ ಮೋಟಾರು ಬಲಸುತ್ತಿಗೆ ಬದಲಾಗುತ್ತದೆ, ಪಲ್ಟಿ ಆಗುತ್ತದೆ. ಆಸ್ಪಾರ್ಟೇಟ್ ಬಂದು ಕೂತರೆ ಕೀ-ಎ ಸುಮ್ಮನಾಗುತ್ತದೆ, ಗುರುತು ಹೊತ್ತ ಕೀ-ವೈ ಕಡಿಮೆಯಾಗುತ್ತದೆ, ಓಟ ಮುಂದುವರಿಯುತ್ತದೆ. ಆಹಾರ ಸಿಕ್ಕಿತು ಎಂಬ ಸುದ್ದಿ ಇಲ್ಲಿ ಮೌನದ ರೂಪದಲ್ಲಿ ಮುಟ್ಟುತ್ತದೆ ಎಂಬುದನ್ನು ಗಮನಿಸಿ; ಮೊದಲ ಸಲ ಓದುವವರು ಎಡವುವುದು ಇಲ್ಲೇ. ಹಳೆಯ ಗುರುತುಗಳು ಉಳಿದುಕೊಂಡು ದಾರಿ ತಪ್ಪಿಸದಂತೆ ಕೀ-ಝಡ್ ಎಂಬ ಇನ್ನೊಂದು ಪ್ರೋಟೀನು ಸೆಕೆಂಡಿನ ಒಂದು ಪಾಲಿನೊಳಗೆ ಅವನ್ನು ಕಿತ್ತುಹಾಕುತ್ತಿರುತ್ತದೆ.

ಚದುರಿರಬೇಕಾದವು ಗುಂಪುಗೂಡಿದ್ದೇಕೆ?

ರಿಸೆಪ್ಟರ್‌ಗಳು ಕೋಶದ ಮೈಮೇಲೆ ಎಲ್ಲಿರಬೇಕು? ಅಣುಗಳು ಎಲ್ಲ ಕಡೆಯಿಂದ ಬರುತ್ತವೆ, ಆದ್ದರಿಂದ ಎಲ್ಲ ಕಡೆ ಹರಡಿರುವುದೇ ಲೇಸು ಎಂದು ಯಾರಿಗಾದರೂ ಅನಿಸುತ್ತದೆ. ಬರ್ಗ್ ಮತ್ತು ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಎಡ್ವರ್ಡ್ ಪರ್ಸೆಲ್ 1977ರಲ್ಲಿ ಇದರ ಲೆಕ್ಕವನ್ನೂ ಹಾಕಿದರು. ಮೈಯ ಅತಿ ಸಣ್ಣ ಪಾಲನ್ನು ಮಾತ್ರ ರಿಸೆಪ್ಟರ್‌ಗಳು ಮುಚ್ಚಿದ್ದರೂ ಸರಿ, ಅವು ಚದುರಿಕೊಂಡಿದ್ದರೆ ಇಡೀ ಮೈಯೇ ರಿಸೆಪ್ಟರ್ ಆಗಿದ್ದಾಗ ಹಿಡಿಯುವಷ್ಟರ ಸಮಕ್ಕೆ ಬರುವಷ್ಟು ಅಣುಗಳನ್ನು ಹಿಡಿಯಬಲ್ಲವು. ಒಂದೇ ಕಡೆ ಒತ್ತಿಕೊಂಡಿದ್ದರೆ ಪಕ್ಕಪಕ್ಕದವು ಒಂದೇ ಅಣುವಿಗೆ ಪೈಪೋಟಿ ಮಾಡುತ್ತವೆ, ನಷ್ಟವೇ ಹೆಚ್ಚು.

ಹೀಗಿರುವಾಗ 1993ರಲ್ಲಿ ಜನೀನ್ ಮ್ಯಾಡಕ್ ಮತ್ತು ಲೂಸಿ ಶಪಿರೊ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ರಿಸೆಪ್ಟರ್‌ಗಳ ಜಾಗ ಹುಡುಕಿದರು. ಹೆಚ್ಚಿನವೆಲ್ಲ ಕಡ್ಡಿಯ ತುದಿಯಲ್ಲಿ ಒತ್ತೊತ್ತಾಗಿ ಗುಂಪುಗೂಡಿದ್ದವು. ಲೆಕ್ಕ ಒಂದು ಹೇಳಿದರೆ ಬ್ಯಾಕ್ಟೀರಿಯಾ ಇನ್ನೊಂದು ಮಾಡುತ್ತಿತ್ತು. ಅಣು ಹಿಡಿಯುವುದರಲ್ಲಿ ಆಗುವ ನಷ್ಟವನ್ನು ಮೀರಿಸುವ ಲಾಭ ಗುಂಪಿನಲ್ಲಿ ಏನೋ ಇರಲೇಬೇಕು.

ಆ ಲಾಭವನ್ನು 1998ರಲ್ಲಿ ಡೆನಿಸ್ ಬ್ರೇ ಮತ್ತು ಸಂಗಡಿಗರು ಊಹಿಸಿದರು: ಅಕ್ಕಪಕ್ಕದ ರಿಸೆಪ್ಟರ್‌ಗಳು ಒಂದರ ಸ್ಥಿತಿಯನ್ನು ಇನ್ನೊಂದಕ್ಕೆ ದಾಟಿಸುತ್ತಿರಬೇಕು. ಮದುವೆ ಮನೆಯ ಚಪ್ಪರ ನೋಡಿರುತ್ತೀರಿ. ಬಿಡಿಬಿಡಿಯಾಗಿ ನೆಟ್ಟ ಬಿದಿರಿನ ಗಳಗಳಲ್ಲಿ ಒಂದನ್ನು ಅಲುಗಿಸಿದರೆ ಅದೊಂದೇ ಅಲುಗುತ್ತದೆ. ಅಡ್ಡಗಳ ಕಟ್ಟಿ ಹಗ್ಗ ಬಿಗಿದ ಮೇಲೆ ಒಂದನ್ನು ಅಲುಗಿಸಿ, ಆ ಸಾಲಿನ ಹತ್ತಾರು ಗಳಗಳು ಅಲುಗುತ್ತವೆ. ರಿಸೆಪ್ಟರ್‌ಗಳೇ ಆ ನಿಂತ ಗಳಗಳು. ಅವುಗಳ ಒಳತುದಿಗಳನ್ನು ಕೀ-ಎ ಮತ್ತು ಕೀ-ಡಬ್ಲ್ಯೂ ಎಂಬ ಎರಡು ಪ್ರೋಟೀನುಗಳು ಅಡ್ಡಗಳಗಳಂತೆ ಬಿಗಿದು ಕಟ್ಟಿವೆ. ಒಂದು ರಿಸೆಪ್ಟರಿಗೆ ಅಣು ಬಂದು ಕೂತರೆ ಅದರ ಜೊತೆ ಕಟ್ಟಿಸಿಕೊಂಡ ಹತ್ತಿಪ್ಪತ್ತು ರಿಸೆಪ್ಟರ್‌ಗಳು ಒಟ್ಟಿಗೆ ಸ್ಥಿತಿ ಬದಲಿಸಬಲ್ಲವು.

ಊಹೆ ಊಹೆಯಾಗಿಯೇ ಉಳಿಯಲಿಲ್ಲ. 2002ರಲ್ಲಿ ವಿಕ್ಟರ್ ಸೌರ್ಜಿಕ್ ಮತ್ತು ಬರ್ಗ್ ಬದುಕಿರುವ ಬ್ಯಾಕ್ಟೀರಿಯಾದೊಳಗೇ ಇದನ್ನು ಅಳೆದರು. ಕೀ-ವೈಗೆ ಒಂದು ಬಣ್ಣದಲ್ಲಿ ಹೊಳೆಯುವ ಪ್ರೋಟೀನನ್ನೂ ಕೀ-ಝಡ್‌ಗೆ ಇನ್ನೊಂದು ಬಣ್ಣದ್ದನ್ನೂ ಜೋಡಿಸಿದರು. ಇವೆರಡೂ ಹತ್ತಿರ ಬಂದಾಗ ಬೆಳಕಿನ ಬಣ್ಣ ಬದಲಾಗುತ್ತದೆ, ಅದರಿಂದ ಕೀ-ಎ ಎಷ್ಟು ಚುರುಕಾಗಿದೆ ಎಂದು ಹೊರಗಿನಿಂದಲೇ ತಿಳಿಯುತ್ತದೆ. ರಿಸೆಪ್ಟರ್‌ಗಳಲ್ಲಿ ಅಣು ಕೂತಿರುವವುಗಳ ಪಾಲು ಇಷ್ಟೇ ಇಷ್ಟು ಬದಲಾದರೆ ಕೀ-ಎ ಚಟುವಟಿಕೆ ಅದರ ಸುಮಾರು 35 ಪಟ್ಟು ಬದಲಾಗುತ್ತಿತ್ತು. ಮೋಟಾರಿನ ಹತ್ತಿರ ಇನ್ನೊಂದು ಸುತ್ತಿನ ವರ್ಧನೆ ಇದೆ: ಗುರುತು ಹೊತ್ತ ಕೀ-ವೈ ಸ್ವಲ್ಪ ಹೆಚ್ಚಾದರೂ ಮೋಟಾರಿನ ವರ್ತನೆ ತೀವ್ರವಾಗಿ ಬದಲಾಗುತ್ತದೆ. ಟ್ಯಾಂಕಿಗೆ ಹಾಕಿದ ಒಂದು ಮಿಲಿಗ್ರಾಂ ಗೊತ್ತಾಗುವುದು ಹೀಗೆ. ಬಿಡಿ ರಿಸೆಪ್ಟರಿನ ಗ್ರಹಣಶಕ್ತಿ ಸಾಧಾರಣವಾದದ್ದೇ. ಅಸಾಧಾರಣವಾದದ್ದು ಅವು ಒಂದಕ್ಕೊಂದು ಹೆಣೆದುಕೊಂಡಿರುವ ಬಗೆ.

ಆ ಹೆಣಿಗೆಯ ಚಿತ್ರವೂ ಈಗ ನಮ್ಮ ಬಳಿ ಇದೆ. ಬ್ಯಾಕ್ಟೀರಿಯಾವನ್ನು ಕ್ಷಣಾರ್ಧದಲ್ಲಿ ಹೆಪ್ಪುಗಟ್ಟಿಸಿ, ಹಲವು ಕೋನಗಳಿಂದ ಎಲೆಕ್ಟ್ರಾನ್ ಚಿತ್ರ ತೆಗೆದು, ಮೂರು ಆಯಾಮದ ರೂಪ ಕಟ್ಟುವ ವಿಧಾನವೊಂದಿದೆ. ಅದನ್ನು ಬಳಸಿ ಕ್ಯಾಲ್ಟೆಕ್‌ನ ಗ್ರಾಂಟ್ ಜೆನ್ಸನ್ ಅವರ ಪ್ರಯೋಗಾಲಯದ ಆರಿಯಾನ್ ಬ್ರೀಗಲ್ ಮತ್ತಿತರರು 2009ರಲ್ಲಿ ಬೇರೆ ಬೇರೆ ಜಾತಿಯ ಬ್ಯಾಕ್ಟೀರಿಯಾಗಳನ್ನು ನೋಡಿದರು. ಎಲ್ಲದರಲ್ಲೂ ರಿಸೆಪ್ಟರ್‌ಗಳು ಷಟ್ಕೋನಗಳ ಜಾಲವಾಗಿ ಜೋಡಿಸಿಕೊಂಡಿದ್ದವು, ಒಂದು ಷಟ್ಕೋನದಿಂದ ಇನ್ನೊಂದಕ್ಕೆ 12 ನ್ಯಾನೋಮೀಟರ್ ಅಂತರ. ವಿಕಾಸದ ದಾರಿಯಲ್ಲಿ ಬಹು ಹಿಂದೆ ಕವಲೊಡೆದ ಜಾತಿಗಳಲ್ಲೂ ಅದೇ ಅಂತರ. 2012ರ ಹೊತ್ತಿಗೆ ಒಳವಿವರ ಇನ್ನಷ್ಟು ಸ್ಪಷ್ಟವಾಯಿತು. ಎರಡು ರಿಸೆಪ್ಟರ್‌ಗಳು ಸೇರಿ ಒಂದು ಜೋಡಿ, ಮೂರು ಜೋಡಿ ಸೇರಿ ಒಂದು ಗುಚ್ಛ, ಗುಚ್ಛಗಳನ್ನು ಬುಡದಲ್ಲಿ ಕಟ್ಟುವ ಕೀ-ಎ ಮತ್ತು ಕೀ-ಡಬ್ಲ್ಯೂ ಉಂಗುರಗಳು. ಒಂದೇ ಗುಚ್ಛದಲ್ಲಿ ಟಾರ್ ಮತ್ತು ಟಿಎಸ್‌ಆರ್ ಬೆರೆತಿರಬಹುದು, ಆದ್ದರಿಂದ ಬೇರೆ ಬೇರೆ ರುಚಿಗಳ ಸುದ್ದಿ ಮೋಟಾರಿಗೆ ಹೊರಡುವ ಮೊದಲೇ ಒಂದಾಗಿರುತ್ತದೆ.

ಗುಂಪು ದೊಡ್ಡದಾದಷ್ಟೂ ಒಳ್ಳೆಯದು ಎಂದೇನಿಲ್ಲ. ನಿಜವಾದ ಸುದ್ದಿಯನ್ನು ಹಿಗ್ಗಿಸುವ ಜಾಲ ಅಣುಗಳ ಆಕಸ್ಮಿಕ ಬಂದುಹೋಗುವಿಕೆಯನ್ನೂ ಅಷ್ಟೇ ಹಿಗ್ಗಿಸುತ್ತದೆ. ತೀರಾ ದೊಡ್ಡ ತಂಡವೊಂದು ಒಟ್ಟಿಗೆ ಸ್ಥಿತಿ ಬದಲಿಸುವಂತಿದ್ದರೆ ಬ್ಯಾಕ್ಟೀರಿಯಾ ಗಾಳಿಸುದ್ದಿಗೂ ಓಡತೊಡಗುತ್ತಿತ್ತು. ಜಾಲದಲ್ಲಿ ಸಾವಿರಾರು ರಿಸೆಪ್ಟರ್‌ಗಳಿದ್ದರೂ ಒಟ್ಟಿಗೆ ವರ್ತಿಸುವ ತಂಡಗಳು ಚಿಕ್ಕವಾಗಿರುವುದು ಇದಕ್ಕೆ ಹೊಂದುತ್ತದೆ.

ಅಂಟಿಸಿ ಕೀಳುವ ನೆನಪು

ಇಷ್ಟು ಸೂಕ್ಷ್ಮವಾದ ವ್ಯವಸ್ಥೆಗೆ ಒಂದು ಅಪಾಯವಿದೆ. ಆಹಾರ ಹೆಚ್ಚಿರುವ ಕಡೆ ಹೋದ ಕೂಡಲೇ ಜಾಲವೆಲ್ಲ ಸುಮ್ಮನಾಗಿಬಿಟ್ಟರೆ ಮುಂದಿನ ಏರಿಳಿತ ಗೊತ್ತಾಗುವುದಿಲ್ಲ. ಆದರೆ ಇ. ಕೋಲಿ ಆಸ್ಪಾರ್ಟೇಟ್ ಅತ್ಯಲ್ಪ ಇದ್ದಾಗಲೂ, ಅದರ ಲಕ್ಷ ಪಟ್ಟು ಇದ್ದಾಗಲೂ ಸಣ್ಣ ಬದಲಾವಣೆಯನ್ನು ಗುರುತಿಸುತ್ತದೆ.

ಇದನ್ನು ಸಾಧಿಸುವುದು ಎರಡು ಕಿಣ್ವಗಳು. ಕೀ-ಆರ್ ಎಂಬುದು ರಿಸೆಪ್ಟರಿನ ಒಳಭಾಗಕ್ಕೆ ಮೀಥೈಲ್ ಎಂಬ ಪುಟ್ಟ ಗುಂಪನ್ನು ಅಂಟಿಸುತ್ತದೆ, ಒಂದು ಇಂಗಾಲ ಮತ್ತು ಮೂರು ಹೈಡ್ರೋಜನ್, ಅಷ್ಟೇ ಅದು. ಕೀ-ಬಿ ಎಂಬುದು ಅದನ್ನು ಕೀಳುತ್ತದೆ. ಟಾರ್, ಟಿಎಸ್‌ಆರ್‌ನಂಥ ರಿಸೆಪ್ಟರ್‌ಗಳಲ್ಲಿ ಇದಕ್ಕೆ ನಾಲ್ಕೈದು ತಾವುಗಳಿವೆ. ಮೀಥೈಲ್ ಅಂಟಿದಷ್ಟೂ ರಿಸೆಪ್ಟರ್ ಕೀ-ಎ ಅನ್ನು ಚುರುಕುಗೊಳಿಸುತ್ತದೆ. ಆಹಾರ ಬಂದು ಕೀ-ಎ ಸುಮ್ಮನಾದಾಗ, ಕೀ-ಎ ಇಂದಲೇ ಚಾಲನೆ ಪಡೆಯುವ ಕೀ-ಬಿ ಕೂಡ ನಿಧಾನವಾಗುತ್ತದೆ. ಅಂಟಿಸುವುದು ಮಾತ್ರ ನಡೆದೇ ಇರುತ್ತದೆ, ಆದ್ದರಿಂದ ಮೀಥೈಲ್‌ಗಳು ಹೆಚ್ಚಿ ಕೆಲವು ಸೆಕೆಂಡುಗಳಲ್ಲಿ ಕೀ-ಎ ಮೊದಲಿನ ಮಟ್ಟಕ್ಕೆ ಮರಳುತ್ತದೆ. ಮ್ಯಾಕ್ನಾಬ್ ಮತ್ತು ಕಾಶ್‌ಲ್ಯಾಂಡ್ ಕಂಡ ಬ್ಯಾಕ್ಟೀರಿಯಾಗಳು ಎಂದಿನ ನಡೆಗೆ ಮರಳಿದ್ದು ಇದರಿಂದಲೇ.

ಈಗ ನೆನಪು ಎಲ್ಲಿದೆ ಎಂಬುದಕ್ಕೆ ಉತ್ತರ ಸಿಕ್ಕಿತು. ರಿಸೆಪ್ಟರಿನ ಹೊರತುದಿಯಲ್ಲಿ ಕೂತ ಅಣುಗಳು ಈ ಕ್ಷಣದ್ದನ್ನು ಹೇಳುತ್ತವೆ. ಒಳಗೆ ಅಂಟಿರುವ ಮೀಥೈಲ್‌ಗಳು ನಿಧಾನವಾಗಿ ಬದಲಾಗುವುದರಿಂದ ಕೆಲವು ಸೆಕೆಂಡ್ ಹಿಂದಿನದನ್ನು ಹೇಳುತ್ತವೆ. ಎರಡರ ವ್ಯತ್ಯಾಸವೇ ಕೀ-ಎ ಚಟುವಟಿಕೆ. ಗುಂಪು ಇಲ್ಲೂ ನೆರವಾಗುತ್ತದೆ. ಕೀ-ಆರ್‌ಗೆ ಬಂದು ಹಿಡಿದುಕೊಳ್ಳಲು ಟಾರ್ ಮತ್ತು ಟಿಎಸ್‌ಆರ್‌ಗಳಲ್ಲಿ ಬಾಲದಂಥ ತುಣುಕು ಇದೆ, ಕಡಿಮೆ ಸಂಖ್ಯೆಯ ಉಳಿದ ರಿಸೆಪ್ಟರ್‌ಗಳಲ್ಲಿ ಇಲ್ಲ. ಬಾಲಕ್ಕೆ ತೂಗಿಕೊಂಡ ಕೀ-ಆರ್ ಕೈಗೆಟಕುವ ನೆರೆಯವುಗಳಿಗೂ ಮೀಥೈಲ್ ಅಂಟಿಸಿಬರುತ್ತದೆ. ಒಂಟಿಯಾಗಿದ್ದರೆ ಸರಿಯಾಗಿ ಕೆಲಸ ಮಾಡಲಾರದ ಸಕ್ಕರೆಯ ರಿಸೆಪ್ಟರ್ ನೆರೆಹೊರೆಯ ಬಲದಿಂದ ನಡೆಯುತ್ತದೆ.

ಜಠರದಲ್ಲಿ, ತೊಗರಿ ಹೊಲದಲ್ಲಿ

ಈ ಜಾಲ ಕೇವಲ ಇ. ಕೋಲಿಯ ಸೊತ್ತಲ್ಲ. ಜಠರದ ಹುಣ್ಣಿಗೆ ಕಾರಣವಾಗುವ ಹೆಲಿಕೋಬ್ಯಾಕ್ಟರ್ ಪೈಲೋರಿ ಕೂಡ ಇಂಥದ್ದೇ ರಿಸೆಪ್ಟರ್‌ಗಳಿಂದ ಆಮ್ಲ ಎತ್ತ ಹೆಚ್ಚಿದೆ ಎಂದು ತಿಳಿದು, ಅದರಿಂದ ದೂರ ಸರಿದು, ಜಠರದ ಒಳಗೋಡೆಯ ಲೋಳೆಯೊಳಗೆ ನೆಲೆ ಹುಡುಕುತ್ತದೆ. ರಾಸಾಯನಿಕ ಅರಿವು ಕೆಡಿಸಿದ ತಳಿಗಳು ಇಲಿಗಳ ಜಠರದಲ್ಲಿ ನೆಲೆಯೂರಲು ಒದ್ದಾಡುತ್ತವೆ. ಎಲ್ಲ ರೋಗಾಣುಗಳಿಗೂ ಇದೇ ಮಾತು ಹೊಂದುವುದಿಲ್ಲ. ಕಾಲರಾ ಬ್ಯಾಕ್ಟೀರಿಯಾದಲ್ಲಿ ಈ ಅರಿವನ್ನು ಕೆಡಿಸಿದಾಗ ಅದು ಇಲಿಮರಿಗಳ ಕರುಳಿನಲ್ಲಿ ಮಾಮೂಲಿಗಿಂತ ಹೆಚ್ಚು ಜಾಗಕ್ಕೆ ಹಬ್ಬಿದ್ದು ಕಂಡುಬಂದಿದೆ.

ನಮ್ಮ ರೈತರಿಗೆ ಹತ್ತಿರದ ಉದಾಹರಣೆ ರೈಜೋಬಿಯಂ. ತೊಗರಿ, ಹೆಸರು, ಸೋಯಾ ಬಿತ್ತುವ ಮುನ್ನ ಬೆಲ್ಲದ ದ್ರಾವಣದಲ್ಲಿ ರೈಜೋಬಿಯಂ ಪುಡಿಯನ್ನು ಕಲಸಿ ಬೀಜಕ್ಕೆ ಲೇಪಿಸಿ ನೆರಳಲ್ಲಿ ಒಣಗಿಸುವುದು ಕಲಬುರಗಿ, ಬೀದರ್ ಕಡೆಯವರಿಗೆ ಹೊಸದಲ್ಲ. ಬೇರುಗಂಟಿನಲ್ಲಿ ನೆಲೆಸಿ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಈ ಬ್ಯಾಕ್ಟೀರಿಯಾ ಮೊದಲು ಬೇರನ್ನು ಹುಡುಕಬೇಕಲ್ಲ? ಮೊಳೆಯುವ ಬೀಜ ಮತ್ತು ಎಳೆಬೇರು ಅಮೈನೋ ಆಮ್ಲ, ಸಕ್ಕರೆ, ಸಾವಯವ ಆಮ್ಲಗಳನ್ನು ಮಣ್ಣಿಗೆ ಸೂಸುತ್ತವೆ. ಕುದುರೆ ಮಸಾಲೆ ಎಂದು ನಾವು ಕರೆಯುವ ಲೂಸರ್ನ್ ಮೇವಿನ ಜೊತೆಗಾರ ಬ್ಯಾಕ್ಟೀರಿಯಾದಲ್ಲಿ, ಬೀಜ ಸೂಸುವ ಪ್ರೋಲೀನ್ ಎಂಬ ಅಮೈನೋ ಆಮ್ಲವನ್ನು ಹಿಡಿಯುವ ರಿಸೆಪ್ಟರ್ ಯಾವುದೆಂದು ಕೂಡ ಗುರುತಿಸಲಾಗಿದೆ.

ಮಣ್ಣಿನಲ್ಲಿ ಈಜಲು ಕಣಗಳ ನಡುವೆ ನೀರಿನ ತೆಳುಪದರ ಬೇಕು. ಆ ಪದರ ಕಡಿದಲ್ಲಿ ಈಜೂ ನಿಲ್ಲುತ್ತದೆ, ಹಸಿ ಮಣ್ಣಿನಲ್ಲೂ ಬ್ಯಾಕ್ಟೀರಿಯಾ ತಾನಾಗಿ ಕ್ರಮಿಸಬಲ್ಲ ದೂರ ಚಿಕ್ಕದೇ. ಪುಡಿಯನ್ನು ಬೀಜದ ಮೈಗೇ ಹಚ್ಚಿದರೆ ಬಹುಪಾಲು ದೂರ ಮೊದಲೇ ಮುಗಿದಿರುತ್ತದೆ. ಎಳೆಬೇರಿನವರೆಗಿನ ಕೊನೆಯ ತುಸು ದೂರವನ್ನು ಬ್ಯಾಕ್ಟೀರಿಯಾ ವಾಸನೆ ಹಿಡಿದು ಈಜುತ್ತದೆ.